ಕಟಕಟ ಸದ್ದಿಗೆ ಕಿವಿಗೊಟ್ಟವರು

ಅವರ ಎಡಗಿವಿಯ ಹಾಲೆ ಯಾವಾಗಲೂ ಕರ್ರಗಿರುತ್ತಿತ್ತು. ಸೋಮವಾರ ಸ್ನಾನ ಮಾಡಿ, ವಿಭೂತಿ ಇಟ್ಟು, ಒಗೆದ ಬಿಳಿ ಅಂಗಿ ತೊಟ್ಟು ಗುಡಿಗೆ ಬಂದಾಗಲೂ ಆ ಹಾಲೆ ಮಾತ್ರ ಗ್ರೀಸಿನ ಬಣ್ಣದ್ದೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಾರಿನ ಅಡಿಯ ಕಬ್ಬಿಣಕ್ಕೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಸದ್ದು ಕೇಳುವುದು ಅವರ ಪದ್ಧತಿ, ಡಾಕ್ಟರು ಎದೆ ನೋಡಿದ ಹಾಗೆ. ಹಿಂದೂಪುರದಲ್ಲಿ ನಮ್ಮ ಬೀದಿಯ ಕೊನೆಗೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಅವರನ್ನು ನಾವೆಲ್ಲರೂ ಮೆಕ್ಯಾನಿಕ್ ಅಣ್ಣ ಎನ್ನುತ್ತಿದ್ದೆವು.

ಮಗಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟ ಮೇಲೆ, ಹೋಗಿ ಬರಲು ಬೇಕೆಂದು ನಮ್ಮ ಯಜಮಾನರು ಹೊಸ ಕಾರು ತೆಗೆದುಕೊಂಡರು. ಆರು ತಿಂಗಳಿಗೆ ಮುಂದಿನ ಎಡಚಕ್ರದ ಹತ್ತಿರ ಕಟಕಟ ಶುರುವಾಯಿತು. ಶೋರೂಮಿನ ಸೂಪರ್‌ವೈಸರು ಗಾಡಿ ಮುಟ್ಟಿಯೂ ನೋಡದೆ, "ಅದಿ ಮಾಮೂಲೇ ಅಮ್ಮಾ" ಎಂದು ತೆಲುಗಿನಲ್ಲಿ ಸಾಗಹಾಕಿದ. ನಮ್ಮ ಕಡೆಯ ರಸ್ತೆಗಳೇ ಸರಿಯಿಲ್ಲವಂತೆ. ಎರಡನೇ ಸಲ ಹೋದಾಗ, ನಾವು ಹೆಚ್ಚು ಜನ ಹತ್ತುತ್ತೇವೆಂದ. ಮೂರನೇ ಸಲ ಕಾರು ತೊಳೆದು ಕೊಟ್ಟರು.

ನಲ್ಲಿಯಲ್ಲಿ ನೀರು ಬಂದರೂ, ಹಾಲು ಒಡೆಯದೆ ಕಾದರೂ ದೇವರ ದಯೆ ಎಂದು ಕೈಮುಗಿಯುವವಳು ನಾನು. ಓದಿದವರು ಗಾಡಿಯಲ್ಲಿ ದೋಷವಿಲ್ಲ ಎಂದ ಮೇಲೆ ದೃಷ್ಟಿಯೇ ತಾಗಿರಬೇಕೆಂದುಕೊಂಡೆ. ಅಮಾವಾಸ್ಯೆ ಅಮಾವಾಸ್ಯೆಗೆ ಬೂದುಗುಂಬಳ ಒಡೆದೆ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೆ. ಮೂರನೆಯ ಕುಂಬಳ ಒಡೆಯುವಾಗ ಆ ಕಡೆ ಬಂದ ಅಣ್ಣ ನಿಂತು ನೋಡಿದರು.

"ಅದ್ರಲ್ಲಿ ಹುಳಿ ಮಾಡ್ಕಂಡು ಉಣ್ಣು ಕಣಮ್ಮ. ಗಾಡಿ ಶೆಡ್ಡಿಗೆ ಕಳ್ಸು."

ದೇವರ ಕೆಲಸವನ್ನು ಆಡಿಕೊಂಡರೆಂದು ನನಗೆ ಮೈಯುರಿಯಿತು. ಕಳಿಸಲಿಲ್ಲ.

ಅಷ್ಟರಲ್ಲಿ ಮಗಳಿಗೆ ಏಳನೇ ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಲು ಗುಡಿಯ ಅಯ್ಯನವರು ಒಂದು ಬುಧವಾರ ಗೊತ್ತುಮಾಡಿಕೊಟ್ಟರು. ಅದು ತಪ್ಪಿದರೆ ಮುಂದಿನ ಒಳ್ಳೆಯ ದಿನ ಎಂಟನೇ ತಿಂಗಳಿಗೆ ಬೀಳುತ್ತಿತ್ತು. ಎಂಟರಲ್ಲಿ ಕರೆತರುವ ರೂಢಿ ನಮ್ಮಲ್ಲಿಲ್ಲ. ಬೆಳಿಗ್ಗೆ ಮಡಿಲಕ್ಕಿಯ ಸಾಮಾನು ತುಂಬಿಕೊಂಡು ಹೊರಟೆವು. ಶೆಡ್ಡಿನ ಮುಂದೆ ಅಣ್ಣ ಅಡ್ಡ ನಿಂತರು. ಯಜಮಾನರನ್ನು ಇಳಿಸಿ ಬಾನೆಟ್ಟನ್ನು ಒತ್ತಿ ಒತ್ತಿ ಬಿಡಲು ಹೇಳಿ, ತಾವು ಚಕ್ರದ ಹಿಂದೆ ಸ್ಕ್ರೂಡ್ರೈವರ್ ಊರಿ ಕಿವಿಯಿಟ್ಟರು. ಎದ್ದವರೇ ಕಾರಿನ ಕೀಲಿಕೈ ಕಿತ್ತು ಜೇಬಿಗೆ ಹಾಕಿಕೊಂಡುಬಿಟ್ಟರು.

ಗಳಿಗೆ ಮೀರುತ್ತದೆ, ಕೊಡಣ್ಣ ಎಂದು ಗೋಗರೆದೆ.

"ಗಳಿಗೆ ಹೋದ್ರೆ ಇನ್ನೊಂದು ಬತ್ತೈತೆ ಕಣಮ್ಮ. ಮಗಳು ಬತ್ತಾಳಾ?"

ಆಮೇಲೆ ತಮ್ಮ ಹಳೇ ಕಾರು ತೆಗೆದು, ಸಾಮಾನನ್ನು ತಾವೇ ಅದಕ್ಕೆ ಸಾಗಿಸಿ, ತಾವೇ ಓಡಿಸಿಕೊಂಡು ಹೊರಟರು. ಸೋಮಂದೇಪಲ್ಲಿ ದಾಟುವವರೆಗೂ ನಾನು ಮುಖ ಕೊಟ್ಟು ಮಾತಾಡಲಿಲ್ಲ. ಸೀಟು ಹರಿದಿತ್ತು. ಆದರೆ ಗುಂಡಿಯಲ್ಲಿ ಬಿದ್ದೆದ್ದರೂ ಅಡಿಯಿಂದ ಒಂದು ಸದ್ದಿಲ್ಲ. ಅದೇ ರಸ್ತೆ, ಇಪ್ಪತ್ತು ವರ್ಷದ ಗಾಡಿ. ತಪ್ಪು ರಸ್ತೆಯದಾದರೆ ಇದು ಯಾಕೆ ಸುಮ್ಮನಿದೆ ಎಂದು ಆಗ ನನಗೆ ಹೊಳೆಯಿತು. ಒಳ್ಳೆಯ ಗಳಿಗೆಯಲ್ಲೇ ಮಗಳನ್ನು ಹತ್ತಿಸಿಕೊಂಡು ಬಂದೆವು.

ಮಾರನೇ ದಿನ ಅಣ್ಣ ನಮ್ಮ ಕಾರಿಗೆ ಜಾಕು ಕೊಟ್ಟರು. ಚಕ್ರವನ್ನು ಗಾಡಿಗೆ ಹಿಡಿದಿಡುವ ಕೀಲು, ಬಾಲ್ ಜಾಯಿಂಟ್ ಅನ್ನುತ್ತಾರೆ, ಒಂದೇ ಸಲ ಮೀಟಿದ್ದಕ್ಕೆ ಗೂಡಿನಿಂದ ಕಳಚಿ ಬಂತು. ಇನ್ನೊಂದು ದೊಡ್ಡ ಗುಂಡಿ ಸಿಕ್ಕಿದ್ದರೆ ಚಕ್ರ ಮಡಚಿಕೊಳ್ಳುತ್ತಿತ್ತಂತೆ. ಪಕ್ಕದಲ್ಲಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

ಆ ಕೀಲನ್ನು ಪೇಪರಿನಲ್ಲಿ ಸುತ್ತಿಕೊಂಡು, ಅಣ್ಣನನ್ನೂ ಕರೆದುಕೊಂಡು ಶೋರೂಮಿಗೆ ಹೋದೆವು. ಅಲ್ಲಿ ಹೊಸ ಕಾರೊಂದಕ್ಕೆ ಹಾರ ಹಾಕಿ, ಒಂದು ಸಂಸಾರ ಫೋಟೋ ತೆಗೆಸಿಕೊಳ್ಳುತ್ತಿತ್ತು. ಹೊರಗಡೆ ಬಿಚ್ಚಿಸಿದ್ದೀರಿ, ವಾರಂಟಿ ಬರುವುದಿಲ್ಲ ಎಂದ ಸೂಪರ್‌ವೈಸರು. ಮೂರು ಸಲ ತಂದಾಗ ಮುಟ್ಟದವನು ಹೇಳುವ ಮಾತೇ ಇದು? ಅಣ್ಣ ದನಿ ಏರಿಸಲಿಲ್ಲ. ಕೀಲನ್ನು ಅವನ ಮೇಜಿನ ಮೇಲಿಟ್ಟರು.

"ಕಲ್ಯಾಣದುರ್ಗದ ಕಡೆ ಕಂಬದೂರೋರಿಗೂ ಬ್ರಹ್ಮಸಮುದ್ರದೋರಿಗೂ ಗಾಡಿ ಮಾರ್ವಾಗ ರೋಡು ಚೆನ್ನಾಗಿತ್ತೇನಪ್ಪ? ನಮ್ ರೋಡು ನೋಡೇ ಅಲ್ವಾ ಇಲ್ಲಿ ಬಾಗ್ಲು ತೆಗ್ದಿದ್ದು?"

ಹಾರ ಹಾಕಿದ ಕಾರಿನ ಫೋಟೋಗೆ ನಿಂತಿದ್ದ ಹೆಂಗಸೊಬ್ಬರು ಬಂದು ಆ ಕೀಲನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆಯೇ ಶೋರೂಮಿನವರು ಶೆಡ್ಡಿಗೆ ಬಂದು ಹೊಸದು ಹಾಕಿಕೊಟ್ಟಿದ್ದು. ತಪ್ಪಾಯಿತೆಂದು ಒಬ್ಬರೂ ಹೇಳಲಿಲ್ಲ. ನನ್ನ ಸಿಟ್ಟು ಇವತ್ತಿಗೂ ಆರಿಲ್ಲ.

ಹೊಸ ಕೀಲು ಕೂತ ಮೇಲೆ ಅಣ್ಣ ನನ್ನ ಕಿವಿಗೂ ಸ್ಕ್ರೂಡ್ರೈವರ್ ಇಟ್ಟು ಕೇಳಿಸಿದರು. ಒಳ್ಳೆಯ ಕೀಲು ಉಸಿರಾಡಿದ ಹಾಗೆ, ಸವೆದದ್ದು ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ ಎಂದು ಹೇಳಿಕೊಟ್ಟರು.

ಕಳೆದ ಕಾರ್ತಿಕದಲ್ಲಿ ಅವರು ಹೋದರು. ಎದೆನೋವು ಎಂದರಂತೆ, ಅಷ್ಟೇ. ಹನ್ನೊಂದನೇ ದಿನ ಅವರ ಹೆಂಡತಿ ಆ ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟರು. "ಇದ್ರಲ್ಲಿ ಕೇಳಾಕೆ ನಮ್ ಮನ್ಯಾಗೆ ಯಾರ್ಗೂ ಬರಾಕಿಲ್ಲ. ನೀನು ತಗಂಡೋಗಮ್ಮ" ಎಂದರು.

ಮೊನ್ನೆ ಮಗಳೂ ಮೊಮ್ಮಗಳೂ ಕಲ್ಯಾಣದುರ್ಗಕ್ಕೆ ಹೊರಡುವ ಹಿಂದಿನ ದಿನ ಅದೇ ಎಡಚಕ್ರ ಮತ್ತೆ ಕಟಕಟ ಎಂದಿತು. ಶೋರೂಮಿನಲ್ಲಿ ಬೇರೆ ಸೂಪರ್‌ವೈಸರು, ಮಾತು ಮಾತ್ರ ಅದೇ ಮಾಮೂಲು. ಸೆರಗು ಸಿಕ್ಕಿಸಿಕೊಂಡು ಅಲ್ಲೇ ಚಕ್ರದ ಹಿಂದೆ ಕೂತು, ಅಣ್ಣನ ಸ್ಕ್ರೂಡ್ರೈವರ್ ಊರಿ ಕಿವಿಯಿಟ್ಟೆ. ಯಜಮಾನರು ಬಾನೆಟ್ ಒತ್ತಿದರು. ಯಾರೋ ನಕ್ಕರು. ಹಲ್ಲು ಕಡಿಯುವುದು ಸರಿಯಾಗಿಯೇ ಕೇಳಿಸಿತು.

"ಬಿಚ್ಚಿ ನೋಡಪ್ಪ, ಆಮ್ಯಾಕೆ ಮಾಮೂಲು ಅನ್ನು" ಎಂದೆ.

ಬಿಚ್ಚಿದರು. ಕೀಲು ಸವೆದಿತ್ತು.

ಸಂಜೆ ದೀಪ ಹಚ್ಚುವಾಗ ಮೊಮ್ಮಗಳು ನನ್ನ ಕಿವಿ ಮುಟ್ಟಿ, ಅಜ್ಜಿಗೆ ಮಸಿ ಎಂದಳು. ಒರೆಸಿಕೊಳ್ಳಲಿಲ್ಲ. ಹಾಗೇ ದೇವರ ಮುಂದೆ ಕೂತೆ.