ಹಿತ್ತಲ ಬಾಗಿಲ ಕಳ್ಳಿ

ಬಿ.ಎ. ಮುಗಿಸಿ ಅಂಕೋಲೆಯ ಕೇರಿಯೊಂದರ ತುದಿಯಲ್ಲಿ ಎಸ್‌ಟಿಡಿ ಬೂತು ನೋಡಿಕೊಳ್ಳುತ್ತಿದ್ದ ಅಮಿತಾ ನಾಯಕಳಿಗೆ ಪತ್ತೇದಾರಿ ಕತೆಗಳ ಹುಚ್ಚು. ಫೋನಿಲ್ಲದ ಮನೆಗಳಿಗೆ ಗೋವೆಯಿಂದಲೋ ಮುಂಬೈಯಿಂದಲೋ ಕರೆ ಬಂದರೆ ಓಡಿಹೋಗಿ ಮನೆಯವರನ್ನು ಕರೆತರುವುದು ಅವಳ ಕೆಲಸ. ಉಳಿದ ಹೊತ್ತೆಲ್ಲ ಲೈಬ್ರರಿಯಿಂದ ತಂದ, ರಟ್ಟು ಕಿತ್ತುಹೋದ ಪುಸ್ತಕಗಳು. ಅವುಗಳ ಪತ್ತೇದಾರರೆಲ್ಲ ಉದ್ದ ಕೋಟಿನ ಗಂಡಸರು, ಮಂಜಿನಲ್ಲಿ ಕುದುರೆಗಾಡಿ ಹತ್ತಿ ಹೋಗುವವರು. ಅಂಕೋಲೆಯ ಸೆಕೆಯಲ್ಲಿ ಆ ಕೋಟು ತೊಟ್ಟವನು ಮೀನು ಮಾರ್ಕೆಟ್ ದಾಟುವ ಮೊದಲೇ ತಲೆ ತಿರುಗಿ ಬೀಳುತ್ತಿದ್ದ.

2003ರಲ್ಲಿ ಕಾರವಾರದ ಒಂದು ಸಣ್ಣ ವಾರಪತ್ರಿಕೆಯ ಸಂಪಾದಕ ಪುಂಡಲೀಕ ಮಾಸ್ತರರು, ಹಳೆಯ ಪತ್ತೇದಾರಿ ಕತೆಗಳನ್ನು ಈಗಿನ ಹುಡುಗ ಹುಡುಗಿಯರಿಗಾಗಿ ಹೊಸದಾಗಿ ಬರೆಯುವವರು ಬೇಕೆಂದು ಪ್ರಕಟಿಸಿದರು. ಅಮಿತಾ ಬರೆದಳು. ಅವಳ ಪತ್ತೇದಾರಿ ತನ್ನಂತೆಯೇ ಬೂತು ನೋಡಿಕೊಳ್ಳುವ ಹತ್ತೊಂಬತ್ತರ ಹುಡುಗಿ, ಟೆಂಪೋದಲ್ಲಿ ನೇತಾಡುತ್ತ ಹೋಗುವವಳು, ಮಿಸ್ಡ್ ಕಾಲ್ ಬಂದ ಸಮಯ ನೋಡಿಯೇ ಸುಳ್ಳು ಹಿಡಿಯುವವಳು. ಅವಳು ಆರಿಸಿಕೊಂಡ ಹಳೆಯ ಕತೆಯಲ್ಲಿ ಕಳ್ಳನೆಂದರೆ ಹಾಲಿನವನು. ದಿನಾ ಬರುವವನಾದ್ದರಿಂದ ಯಾರ ಲಕ್ಷ್ಯಕ್ಕೂ ಬಾರದವನು. ಅಮಿತಾ ಅವನ ಜಾಗದಲ್ಲಿ ತರಕಾರಿ ಮಾರುವ ಕಾಶಿಯನ್ನು ತಂದಳು. ಕಾಶಿ ಮಂಗಳವಾರ, ಶುಕ್ರವಾರ ಹಿತ್ತಲ ಬಾಗಿಲಿಗೆ ಬರುತ್ತಾಳೆ. ಬುಟ್ಟಿಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಳಿಸುತ್ತಾಳೆ. ಒಂದು ಲೋಟ ಬೆಲ್ಲದ ಚಾ ಕುಡಿದೇ ಹರಿವೆ ಸೊಪ್ಪಿನ ಕಟ್ಟು ತೆಗೆಯುತ್ತಾಳೆ. ಹಾಗೆ ಬಂದವಳು ಒಂದು ದಿನ ಮನೆಯೊಡತಿಯ ಮೂಗುತಿ ಎತ್ತಿಕೊಂಡು ಹೋಗುತ್ತಾಳೆ.

ಇಷ್ಟೆಲ್ಲ ಎಲ್ಲಿಂದ ಬಂತೆಂದು ಕೇಳಬೇಕೇ? ಅವಳ ಕೇರಿಗೆ ವಾರಕ್ಕೆರಡು ಸಲ ತರಕಾರಿ ತರುತ್ತಿದ್ದ ಬೀರಿಯಿಂದ. ಕಳ್ಳತನವೊಂದು ಬಿಟ್ಟರೆ ಉಳಿದದ್ದೆಲ್ಲ ಬೀರಿಯದೇ. ಹೆಸರು ಬದಲಿಸಿದೆನಲ್ಲ, ಮುಗಿಯಿತು ಎಂದುಕೊಂಡಳು ನಮ್ಮ ಜಾಣೆ.

ಪತ್ರಿಕೆ ಬಂದ ದಿನವೇ ಪಕ್ಕದ ಮನೆಯ ವನಮಾಲಕ್ಕ ಅದನ್ನು ಮಡಚಿ ಹಿಡಿದು ಬೂತಿಗೆ ಬಂದಳು.

"ಅಲ್ವೇ ಅಮಿತಾ, ನಂಗೆ ಮೊದ್ಲೇ ಒಂದ್ ಮಾತು ಹೇಳೂಕೆ ಎಂತಾ ಆಗಿತ್ತು? ನನ್ ಮೂಗ್ತಿ ಕಳ್ದು ವರ್ಷ ಆಯ್ತಲ್ಲೇ!"

"ಅಯ್ಯೋ ವನಮಾಲಕ್ಕಾ, ಅದು ಕತೆ! ನಾ ಕಟ್ಟಿದ್ದು."

"ಕಟ್ಟಿದ್ದಾದ್ರೆ ಬೆಲ್ಲದ ಚಾ ಎಲ್ಲಿಂದ ಬಂತು? ನಾನೇ ಕೊಡೂದಲ್ವನೇ ಅದು?"

ಮುಂದಿನ ಮಂಗಳವಾರ ಇಡೀ ಕೇರಿಯ ಹಿತ್ತಲ ಬಾಗಿಲುಗಳು ತೆರೆಯಲಿಲ್ಲ. ಬೀರಿ ಒಂದೊಂದನ್ನೂ ತಟ್ಟಿ, ತುಂಬಿದ ಬುಟ್ಟಿ ಹೊತ್ತುಕೊಂಡೇ ಬೂತಿನ ಮುಂದೆ ನಿಂತಳು. "ತಂಗೀ, ಕೇರಿಯೋರೆಲ್ಲ ಎಲ್ಲಿಗ್ ಹೋದ್ರು? ಒಳ್ಗೆ ಮಾತು ಕೇಳ್ತದೆ, ಬಾಗ್ಲು ಮಾತ್ರ ತೆಗೂದಿಲ್ಲ." ಅಮಿತಾಳಿಗೆ ನಾಚಿಕೆಯಿಂದ ಸಾಯುವಂತಾಯಿತು. ಬುಟ್ಟಿಯಲ್ಲಿದ್ದ ಹರಿವೆಯನ್ನೆಲ್ಲ ತಾನೇ ಕೊಂಡಳು. ಮೂರು ದಿನ ಮನೆಯಲ್ಲಿ ಹರಿವೆಯದೇ ಪಲ್ಯ, ಹರಿವೆಯದೇ ಸಾರು, ಜೊತೆಗೆ ತಾಯಿಯ ಬೈಗುಳ.

ಮನೆಮನೆಗೆ ಹೋಗಿ ಗಂಟಲು ಹರಿದುಕೊಂಡಳು. ಬೀರಿ ಏನೂ ಕದ್ದಿಲ್ಲ, ನಾನು ಏನೂ ನೋಡಿಲ್ಲ, ಎಲ್ಲ ಸುಳ್ಳು. ಕೇಳಿದವರು ಅವಳ ಕೈ ಹಿಡಿದು, "ನೀ ಹೆದ್ರಬೇಡ, ನೀ ಹೇಳಿದ್ದು ಅಂತ ನಾವು ಯಾರಿಗೂ ಹೇಳೂದಿಲ್ಲ" ಎಂದು ಸಮಾಧಾನ ಮಾಡಿ ಕಳಿಸಿದರು. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಕೊನೆಗೆ ಬಸ್ಸು ಹತ್ತಿ ಕಾರವಾರಕ್ಕೆ ಹೋದಳು. ಇದೆಲ್ಲ ಕಟ್ಟುಕತೆ ಎಂದು ಪತ್ರಿಕೆಯಲ್ಲಿ ಎರಡು ಸಾಲು ಹಾಕಿ ಎಂದು ಬೇಡಿಕೊಂಡಳು.

ಪುಂಡಲೀಕ ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು. "ತಿದ್ದುಪಡಿಯಾ? ಅದನ್ನ ಸುದ್ದಿಗೆ ಹಾಕೂದು ಮಾರಾಯ್ತಿ. ಇದು ಕತೆ. ಕತೆಯನ್ನ ಯಾರಾದ್ರೂ ನಿಜ ಅಂತಾರಾ? ಬೇಕಾದ್ರೆ ಇನ್ನೊಂದು ಕಂತು ಬರಿ."

ಕಾರವಾರದಲ್ಲಿ ಕತೆಯಾದದ್ದು ಮೂವತ್ತೈದು ಕಿಲೋಮೀಟರು ದಾಟುವುದರೊಳಗೆ ಸುದ್ದಿಯಾಗಿಬಿಡುತ್ತದೆ! ವಾಪಸು ಬರುವಾಗ ಅಮಿತಾಳಿಗೆ ಎಂಥ ಸಿಟ್ಟು ಬಂದಿತ್ತೆಂದರೆ ಚಿಲ್ಲರೆ ಕೇಳಿದ ಕಂಡಕ್ಟರನ ಮೇಲೂ ಹರಿಹಾಯ್ದಳು. ಇನ್ನೊಂದು ಕಂತು ಬರೆದು ಕಾಶಿ ಕಳ್ಳಿಯಲ್ಲ ಎಂದರೆ ಸಾಲದು, ನಿಜವಾದ ಕಳ್ಳರು ಯಾರೆಂದು ಹೇಳಬೇಕು. ಪೋಸ್ಟಿನವನೇ? ಕೇರಿಯ ಪೋಸ್ಟಿನವನಿಗೆ ಬಾಗಿಲು ಮುಚ್ಚುತ್ತದೆ. ಹಾಲಿನವನೇ? ಅವನಿಗೂ ಅದೇ ಗತಿ. ಯಾರನ್ನು ನೆನೆದರೂ ಅವರಿಗೊಂದು ಮುಖವಿತ್ತು. ಧಾರಾಳವಾಗಿ ಬಳಸಬಹುದಾದ ಮುಖ ಒಂದೇ, ತನ್ನದು. ಹೊಸ ಕಂತಿನಲ್ಲಿ ಪತ್ತೇದಾರಿ ಹುಡುಗಿಯೇ ಕಳ್ಳಿಯಾದಳು. ಫೋನು ಬಂತೆಂದು ಕರೆಯಲು ಮನೆಗಳ ಒಳಕೋಣೆಯವರೆಗೂ ಹೋಗುವವಳು ಅವಳೊಬ್ಬಳೇ ಅಲ್ಲವೇ!

ಕಂತು ಅಚ್ಚಾಯಿತು. ಮಂಗಳವಾರ ಹಿತ್ತಲ ಬಾಗಿಲುಗಳು ಒಂದೊಂದಾಗಿ ತೆರೆದವು. "ಬೀರೀ, ಬಾರೇ" ಎಂಬ ವನಮಾಲಕ್ಕನ ಕೂಗು ಬೂತಿನವರೆಗೂ ಕೇಳಿಸಿತು. ಅಮಿತಾಳಿಗೆ ಎಷ್ಟೋ ದಿನಗಳ ಮೇಲೆ ಹಾಯೆನಿಸಿತು. ಅಷ್ಟರಲ್ಲಿ ವನಮಾಲಕ್ಕನ ಗಂಡ ವಾಸ್ಕೋದಿಂದ ಫೋನ್ ಮಾಡಿದ. ಅಮಿತಾ ಎಂದಿನಂತೆ ಓಡಿ, ಹಿತ್ತಲಿನಿಂದ ಒಳಗೆ ಕಾಲಿಡಲು ಹೋದಳು.

"ಅಲ್ಲೇ ನಿಲ್ಲು" ಎಂದಳು ವನಮಾಲಕ್ಕ, ಬಾಗಿಲಿಗೆ ಅಡ್ಡವಾಗಿ. "ಎಂತಾ ಹೇಳೂದಿದ್ರೂ ಅಲ್ಲಿಂದ್ಲೇ ಹೇಳು."

ಫೋನಿನ ವಿಷಯ ಕೇಳಿದವಳೇ ಬಾಗಿಲೆಳೆದು, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ ಬೂತಿನ ಕಡೆ ನಡೆದಳು. ಹಿತ್ತಲಲ್ಲಿ ಉಳಿದವಳು ಬೀರಿ. ಇವಳಾದರೂ ನನ್ನವಳು ಎನಿಸಿ ಅಮಿತಾ, "ನೋಡಿದ್ಯಾ ಬೀರಕ್ಕ?" ಎನ್ನುತ್ತ ಅವಳ ಪಕ್ಕದಲ್ಲಿ ಕೂತಳು.

ಬೀರಿಗೆ ಓದು ಬಾರದು. ಆದರೆ ಹೊಸ ಕಂತನ್ನು ವನಮಾಲಕ್ಕ ಆಗಷ್ಟೇ ಅವಳಿಗೆ ಓದಿ ಹೇಳಿದ್ದಳು. ಬೀರಿ ಇಬ್ಬರ ನಡುವೆ ಇದ್ದ ತನ್ನ ಎಲೆಯಡಿಕೆ ಸಂಚಿಯನ್ನು ಮೆಲ್ಲಗೆ ಎತ್ತಿ ಆಚೆ ಬದಿಗಿಟ್ಟುಕೊಂಡಳು.