ಎರಡೂ ಕೈ ಎತ್ತಿದವರ ಹಾಜರಿ

ಕಪ್ಪು ದಾರದ ಸೀಟಿ ಸದಾ ನೇತಾಡುತ್ತಿದ್ದುದರಿಂದ ಪಿ.ಟಿ. ಮೇಡಂ ಕತ್ತಿನಲ್ಲಿ ಬಿಸಿಲು ತಾಗದ ತೆಳ್ಳನೆಯ ಬಿಳಿ ಗೆರೆಯೊಂದಿತ್ತು. ಅಜ್ಜಂಪುರದಲ್ಲಿ ನಮ್ಮೆದುರೇ ಅವರ ಮನೆ. ಲಾಕ್‌ಡೌನಿನಲ್ಲಿ ಶಾಲೆಯ ಮೈದಾನಕ್ಕೆ ಬೀಗ ಬಿದ್ದಾಗ ಅವರು ತಾರಸಿ ಹತ್ತಿದರು. ಸಂಜೆ ಸೀಟಿ ಊದಿದರೆ ಬೀದಿಯ ಮಕ್ಕಳೆಲ್ಲ ಅವರವರ ತಾರಸಿಯಲ್ಲಿ ಎರಡೂ ಕೈ ಎತ್ತಬೇಕು; ಅದೇ ಹಾಜರಿ. ಮತ್ತೆ ಸೀಟಿ ಊದುವ ತನಕ ಇಳಿಸುವಂತಿಲ್ಲ. ಆಮೇಲೆ ಕಸರತ್ತು. ಡಿಗ್ರಿ ಓದುತ್ತಿದ್ದ ನನಗೂ ವಿನಾಯಿತಿಯಿಲ್ಲ.

"ಏನಪ್ಪಾ ಕಾಲೇಜು, ಸೊಂಟ ಬಗ್ಗಲ್ವಾ? ನಿಮ್ಮಜ್ಜಿ ಬಗ್ತಾರೆ ಕಣೋ!"

ಬ್ರಾಂದಿ ಅಂಗಡಿ ಮುಂದಿನ ನೂಕುನುಗ್ಗಲು ಕಂಡು ಸುಮ್ಮನಿದ್ದ ದೊಡ್ಡವರು, ಮಕ್ಕಳು ಕುಣಿದರೆ ರೋಗ ಹರಡುತ್ತದೆಂದು ಠಾಣೆಗೆ ಫೋನ್ ಮಾಡಿದರು. ಅಂದಿನಿಂದ ಬೀದಿಯ ಮೂಲೆಯಲ್ಲಿ ಪೊಲೀಸಿನವನೊಬ್ಬ ನಿಂತ.

ಪಿಯುಸಿ ಓದುತ್ತಿದ್ದ ನನ್ನ ತಂಗಿ ಒಂದು ಸಂಜೆ ಮೇಲೆ ಬರಲಿಲ್ಲ. ಮರುದಿನವೂ ಇಲ್ಲ.

"ಅವಳೆಲ್ಲೋ?" ಮೇಡಂ ಕೂಗಿದರು.

ಅಮ್ಮ ಕೆಳಗಿನಿಂದಲೇ ಹೇಳಿದಳು: "ಆನ್‌ಲೈನ್ ಕ್ಲಾಸು ಮೇಡಂ. ಬಾಗ್ಲು ಹಾಕ್ಕೊಂಡು ಕೂತವ್ಳೆ. ಹಾಜರಿದಾಳೆ ಅಂತ ಕಾಲೇಜಿಂದ ಮೆಸೇಜೂ ಬಂತು."

"ಹಾಜರಿರೋದು ಹೆಸರು ಕಣ್ರೀ. ಹುಡುಗಿ ಎಲ್ಲಿ ಅಂತ ಕೇಳ್ದೆ!"

ಅವರು ಬೀದಿಗಿಳಿದರು. ಮೂಲೆಯಲ್ಲಿದ್ದ ಪೊಲೀಸಿನವನು ಏನೂ ಕೇಳದೆ ಮಂಡಿಗೆ ಲಾಠಿ ಬೀಸಿದ. ಕುಂಟುತ್ತಲೇ ಬಂದರು. ನಾನೂ ಅವರೂ ಸೇರಿ ಬಾಗಿಲು ಒದ್ದೆವು. ಆ ಚಿಲಕ ನನ್ನ ಕನಸಿನಲ್ಲಿ ಈಗಲೂ ಕಿತ್ತುಬರುವುದಿಲ್ಲ. ತಂಗಿ ನೆಲದ ಮೇಲೆ ತಣ್ಣಗೆ ಬಿದ್ದಿದ್ದಳು. ವಾರದಿಂದ ಒಳಗೆ ಒಯ್ದಿದ್ದ ಊಟವೆಲ್ಲ ಮುಟ್ಟದೆ ಮಂಚದಡಿ ಒಣಗಿತ್ತು. ಪಕ್ಕದ ಮೊಬೈಲಿನಲ್ಲಿ ಪಾಠ ನಡೆದೇ ಇತ್ತು.

ಪಾಸ್ ಇದ್ದ ತರಕಾರಿ ಆಟೋದಲ್ಲಿ, ಟೊಮೆಟೊ ಕ್ರೇಟುಗಳ ನಡುವೆ ತರೀಕೆರೆ ಆಸ್ಪತ್ರೆಗೆ ಒಯ್ದೆವು. ಮೇಡಂ ದಾರಿಯುದ್ದಕ್ಕೂ ಅವಳ ಅಂಗಾಲು ಉಜ್ಜಿದರು. "ಕಣ್ ಬಿಡೇ. ನಿಂಗಿನ್ನೂ ಹಾಜರಿ ಹಾಕಿಲ್ಲ ಕಣೇ."

ಅವಳಿಗೆ ಡ್ರಿಪ್ ಏರಿಸುವಾಗ ಅಮ್ಮನ ಫೋನಿಗೆ ಮತ್ತೆ ಮೆಸೇಜ್: ನಿಮ್ಮ ಮಗಳು ಇಂದಿನ ತರಗತಿಗೆ ಹಾಜರಾಗಿದ್ದಾಳೆ. ಅದನ್ನು ಕಳಿಸಿದವರಿಗೆ ಇವತ್ತಿಗೂ ನಾಚಿಕೆಯಾಗಿಲ್ಲ. ಆ ಲಾಠಿಗೆ ಯಾರೂ ಉತ್ತರ ಹೇಳಿಲ್ಲ.

ತಂಗಿ ಉಳಿದಳು. ಯಾಕೆ ಊಟ ಬಿಟ್ಟೆ ಎಂದು ಕೇಳಿದಾಗ, "ನಾನಿದೀನಾ ಅಂತ ಯಾರೂ ನೋಡ್ತಿರ್ಲಿಲ್ಲ. ಮೇಡಂ ಒಬ್ರೇ ನೋಡಿದ್ದು" ಎಂದಳು.

ಎರಡನೇ ಅಲೆಯಲ್ಲಿ ಮೇಡಂ ಹೋಗಿಬಿಟ್ಟರು. ಶಾಲೆಯವರು ಆನ್‌ಲೈನಿನಲ್ಲೇ ಸಂತಾಪ ಸಭೆ ಮುಗಿಸಿದರು; ಪರದೆ ತುಂಬ ಹೆಸರುಗಳು, ಒಂದು ಮುಖವೂ ಇಲ್ಲ. ತಂಗಿ ಫೋನ್ ಕೆಳಗಿಟ್ಟು ಎದ್ದುಹೋದಳು. ಗಾಬರಿಯಿಂದ ಹಿಂದೆಯೇ ಓಡಿದೆ. ತಾರಸಿಯಲ್ಲಿ, ಎದುರು ಮನೆಯತ್ತ ಮುಖ ಮಾಡಿ ಎರಡೂ ಕೈ ಎತ್ತಿ ನಿಂತಿದ್ದಳು. ಇಳಿಸಲು ಸೀಟಿ ಊದುವವರೇ ಇರಲಿಲ್ಲ.