ರಿವಾಲ್ವರಿನಲ್ಲಿ ಹಿರಿಯರ ಮನೆ

ದೇವರ ಭಂಡಾರ ಹಚ್ಚಿದರೆ ಕಬ್ಬಿಣವೂ ಮಾತು ಕೇಳುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆ. ಮೈಮೇಲೆ ಬರುವುದು, ಕನಸಿನಲ್ಲಿ ಬಂದು ಹೇಳುವುದು, ಇಂಥವನ್ನು ನಾನು ನಂಬಿದವಳಲ್ಲ. ಓದಿದ್ದು ನಾಲ್ಕನೇ ಈಯತ್ತೆ, ಅಷ್ಟೇ. ಆದರೆ ಕಣ್ಣಿಗೆ ಕಂಡದ್ದನ್ನು ಕಂಡಿಲ್ಲ ಅನ್ನುವ ಬುದ್ಧಿ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬರೆಯಲು ಇನ್ನೊಂದು ಕಾರಣವೂ ಇದೆ. ಅದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆದೀತು. ನನ್ನ ಮೊಮ್ಮಗಳು ಮಲ್ಲಿ ಕಾಲೇಜುಗಳ ಪಿಸ್ತೂಲು ಸ್ಪರ್ಧೆಯಲ್ಲಿ ಪದಕ ಗೆದ್ದು ಬಂದಿದ್ದಾಳೆ! ಓಣಿಗೆಲ್ಲ ಪೇಢೆ ಹಂಚಿದೆ. ಹಾಲಿನವನಿಗೆ, ಬಳೆಗಾರ್ತಿಗೆ, ಸಿಲಿಂಡರ್ ತಂದವನಿಗೆ, ಎಲ್ಲರಿಗೂ ಪದಕ ತೋರಿಸಿದೆ. ನಮ್ಮ ಯಜಮಾನರು, "ಸಾಕು ಮಾಡ, ತಿಕ್ಕಿ ತಿಕ್ಕಿ ಅದರ ಬಣ್ಣ ಹೋಗ್ತದ" ಅಂದರು. ಹೋಗಲಿ ಬಿಡಿ, ಇನ್ನೊಂದು ತರುತ್ತಾಳೆ. ಆ ಹುಡುಗಿ ಪದಕವನ್ನು ನನ್ನ ಕೊರಳಿಗೆ ಹಾಕಿ ಒಂದು ಮಾತು ಕೇಳಿದಳು. ಅದರಿಂದಲೇ ಹಳೆಯದೆಲ್ಲ ಮೇಲಕ್ಕೆ ಬಂತು. ಏನು ಕೇಳಿದಳೆಂದು ಕೊನೆಗೆ ಹೇಳುತ್ತೇನೆ.

ನಮ್ಮದು ಕಲ್ಹೇರ್ ಕಡೆಯ ಕುರಿ ಸಾಕುವ ಮನೆತನ. ಮಾವನವರು ಪೊಲೀಸ್ ಪಾಟೀಲರಾಗಿದ್ದರು. ಹೈದರಾಬಾದಿನ ಒಬ್ಬ ಸಾಹೇಬರು ಊರು ಬಿಡುವಾಗ ಅವರಿಗೊಂದು ವಿಲಾಯಿತಿ ರಿವಾಲ್ವರ್ ಕೊಟ್ಟು ಹೋಗಿದ್ದರಂತೆ. ಲೈಸೆನ್ಸು ಮುಂದೆ ಯಜಮಾನರ ಹೆಸರಿಗೆ ಬಂತು. ಕರೆಂಟಿನ ನೌಕರಿಗೆಂದು ನಾವು ನಾರಾಯಣಖೇಡಕ್ಕೆ ಬಂದಾಗ ಕುರಿ ಹಳ್ಳಿಯಲ್ಲಿ ಉಳಿದವು, ರಿವಾಲ್ವರ್ ನಮ್ಮ ಜೊತೆ ಬಂತು. ಯಜಮಾನರು ಪ್ರತಿ ಅಮಾವಾಸ್ಯೆಗೆ ಅದನ್ನು ಬಿಚ್ಚಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಕಿವಿಯ ಹತ್ತಿರ ಹಿಡಿದು ಅದರ ಸದ್ದು ಕೇಳುತ್ತಿದ್ದರು. ನನ್ನ ಮಾತನ್ನು ಅಷ್ಟು ಗಮನವಿಟ್ಟು ಎಂದೂ ಕೇಳಲಿಲ್ಲ.

ಅದಕ್ಕೊಂದು ಪದ್ಧತಿ ಇತ್ತು. ಗುಂಡು ತುಂಬುವ ಚರಖಿಯಲ್ಲಿ ಆರು ಮನೆ. ಐದಕ್ಕೆ ಕಾಡತೂಸು, ಒಂದು ಖಾಲಿ. ಖಾಲಿ ಮನೆಗೆ ಮಲ್ಲಣ್ಣನ ಭಂಡಾರ, ಅಂದರೆ ದೇವರ ಅರಿಶಿನ, ಚಿಟಿಕೆಯಷ್ಟು ಹಾಕುತ್ತಿದ್ದರು. ಅದು ಹಿರಿಯರ ಮನೆ. ಗುಂಡಿಗೆ ಬಡಿಯುವ ಸುತ್ತಿಗೆಯಂಥ ಘೋಡಾದ ಕೆಳಗೆ ಯಾವಾಗಲೂ ಅದೇ ಮನೆ ಇರಬೇಕು. ಹಿರಿಯರು ಅಡ್ಡ ಕೂತಿರುವಾಗ ಮನೆಯವರ ಮೇಲೆ ಗುಂಡು ಹಾರುವುದಿಲ್ಲ ಎಂದು ಮಾವನವರು ಹೇಳಿದ್ದರು. ಇನ್ನೊಂದು ನೇಮವೂ ಇತ್ತು. ಆಯುಧ ಹೊಸ್ತಿಲು ದಾಟುವ ಮೊದಲು ತುಂಬಿಕೊಂಡೇ ದೇವರ ಮುಂದೆ ಮಣೆಯ ಮೇಲೆ ಕೂರಬೇಕು. ಖಾಲಿ ಕೊಡ ಎದುರಿಗೆ ಬಂದ ಹಾಗೆ, ಖಾಲಿ ಆಯುಧ ಮನೆಯಿಂದ ಹೊರಗೆ ಹೋಗಬಾರದು.

ತೆಲಂಗಾಣ ಬೇಕೆಂದು ಊರೂರೇ ಎದ್ದು ನಿಂತ ವರ್ಷಗಳು ಅವು. ಇವತ್ತು ಬಂದ್, ನಾಳೆ ರಸ್ತೆ ತಡೆ. ಜನ ಡಾಂಬರಿನ ಮೇಲೆ ಒಲೆ ಹೂಡಿ ಅಡುಗೆ ಮಾಡಿ ಅಲ್ಲೇ ಉಣ್ಣುತ್ತಿದ್ದರು. ಜಹೀರಾಬಾದಿನ ಕಾರ್ಖಾನೆಯಲ್ಲಿದ್ದ ನಮ್ಮ ಮಗ, ಶಾಲೆ ಮುಚ್ಚಿತೆಂದು ಪುಟ್ಟ ಮಲ್ಲಿಯನ್ನು ನಮ್ಮಲ್ಲಿ ಬಿಟ್ಟು ಹೋಗಿದ್ದ. ಮನೆ ತುಂಬ ಓಡಾಡುವ ಕೂಸು, ಅದೇ ಮನೆಯಲ್ಲಿ ಗುಂಡು ತುಂಬಿದ ಆಯುಧ. "ಒಂದು ಇರ್ಲಿ, ಇಲ್ಲಾ ಇನ್ನೊಂದು ಇರ್ಲಿ, ಎರಡೂ ಬ್ಯಾಡ" ಎಂದು ದಿನಾ ಜಗಳ ತೆಗೆಯುತ್ತಿದ್ದೆ. ಅಷ್ಟರಲ್ಲಿ, ಗಲಾಟೆ ತಣ್ಣಗಾಗುವವರೆಗೆ ಲೈಸೆನ್ಸಿನ ಆಯುಧಗಳನ್ನು ಠಾಣೆಗೆ ತಂದಿಡಿ ಎಂದು ಪೊಲೀಸರು ಹೇಳಿ ಕಳಿಸಿದರು. ನನಗೆ ಹಬ್ಬ. ಯಜಮಾನರ ಮುಖ ಮಾತ್ರ ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗಿತ್ತು.

ಒಯ್ಯುವ ಹಿಂದಿನ ದಿನ ತಾಂಡೂರಿನಿಂದ ಸದಾನಂದಪ್ಪ ಎಂಬುವರು ಮೋಟರ್ ಸೈಕಲ್ ಮೇಲೆ ಬಂದರು. ಕಲ್ಲಿನ ಖಣಿಯವರು, ಹಳೆಯ ರಿವಾಲ್ವರ್ ಕೂಡಿಡುವ ಹುಚ್ಚು. ಜಹೀರಾಬಾದಿನ ಯಾವುದೋ ಮದುವೆಯಲ್ಲಿ ಯಜಮಾನರು ಅವರ ಮುಂದೆ ಇದರ ಸುದ್ದಿ ಬಾಯಿ ಬಿಟ್ಟಿದ್ದರು. ನನಗೆ ಮೊದಲ ನೋಟಕ್ಕೇ ಸಂಶಯ ಬಂತು. ಬಂದ್ ಇದೆ ಎಂದು ಗೊತ್ತಿದ್ದೂ ಅಷ್ಟು ದೂರದಿಂದ ಯಾರು ಬರುತ್ತಾರೆ? ಅದೂ ನಾಳೆ ಆಯುಧ ಮನೆಯಿಂದ ಹೋಗುತ್ತದೆ ಅನ್ನುವಾಗ?

ಚಹಾ ಕೊಟ್ಟು ಬಾಗಿಲ ಮರೆಯಲ್ಲಿ ನಿಂತೆ. ಆ ಮನುಷ್ಯ ಕಾಡತೂಸು ತೆಗೆದು ಪಕ್ಕಕ್ಕಿಟ್ಟು, ರಿವಾಲ್ವರನ್ನು ಆಗಷ್ಟೇ ಹುಟ್ಟಿದ ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದ. ಮೂಸಿದ.

"ಏನ್ ಚೀಜ್ ಅದರಿ ಇದು! ಈಗಿನ ಪಿಸ್ತೂಲು ಎಲ್ಲಾ ಡಬ್ಬಿ ಇದ್ದಂಗ. ಇದರ ಟ್ರಿಗರ್ ಎಳೀರಿ, ಮೊದ್ಲು ಬಿಗಿ ಇರ್ತದ, ಆಮ್ಯಾಲ ಬೆಣ್ಣಿ. ಕೈ ತಪ್ಪು ಮಾಡಿದ್ರ ಅಲ್ಲೇ ಹೇಳ್ತದ. ಅದಕ್ಕಽ ಬಂದೂಕಿನ ಶೋಕಿ ಇದ್ದವರು ಇದರ ಹಿಂದ ಬೀಳ್ತಾರ."

ಯಜಮಾನರು ಉಬ್ಬಿ ಹಿರಿಯರ ಮನೆಯ ಕಥೆ ಹೇಳಿದರು. ಸದಾನಂದಪ್ಪನವರು ನಗಲಿಲ್ಲ. ಜೇಬಿನ ಬಟ್ಟೆಯಿಂದ ಆ ಮನೆಯೊಳಗಿನ ಭಂಡಾರವನ್ನು ಚೊಕ್ಕಟ ಒರೆಸಿಬಿಟ್ಟರು.

"ಪುಡಿ ಉಕ್ಕು ತಿಂತದರಿ. ಇನ್ನೊಂದು, ತಪ್ಪು ತಿಳಕೋಬ್ಯಾಡ್ರಿ. ಇದು ಡಬಲ್ ಆ್ಯಕ್ಷನ್. ಟ್ರಿಗರ್ ಎಳೆದ್ರ ಸಾಕು, ಚರಖಿ ತಾನೇ ಒಂದು ಮನಿ ಮುಂದ ತಿರುಗ್ತದ, ಘೋಡಾ ತಾನೇ ಎದ್ದು ಬೀಳ್ತದ. ಈಗ ಘೋಡಾದ ಕೆಳಗ ಹಿರ್ಯಾರು ಇದ್ದರು ಅಂದ್ರ, ಎಳೆದಾಗ ಬರೋದು ಮಗ್ಗಲ ಮನಿ. ಅಲ್ಲಿ ಗುಂಡು ಅದ."

ಇಷ್ಟು ವರ್ಷ ಹಿರಿಯರು ಕಾಯುತ್ತಿದ್ದದ್ದು ತಪ್ಪು ಬಾಗಿಲನ್ನೇ?

"ಹಂಗಾದ್ರ ಎಲ್ಲಾ ಖಾಲಿ ಮಾಡ್ರಿ" ಎಂದು ನಾನು ಒಳಗಿನಿಂದಲೇ ಕೂಗಿದೆ.

"ಅಕ್ಕಾರು ಅನ್ನೋದು ಖರೇ" ಅಂದರು ಅವರು.

ಯಜಮಾನರಿಗೆ ಸಿಟ್ಟು ಬಂತು. "ನಮ್ಮಪ್ಪ ಹಾಕಿದ ಪದ್ಧತಿ ತಾಂಡೂರಿನವರು ಬಂದು ತಿರುಗಿಸೋದಾ?" ಎಂದು ಐದೂ ಕಾಡತೂಸು ತುಂಬಿದರು. ಒರೆಸಿದ ಖಾಲಿ ಮನೆಯನ್ನು ನಮ್ಮಿಬ್ಬರ ಕಣ್ಣೆದುರು ಘೋಡಾದ ಕೆಳಗೇ ತಂದು ಮುಚ್ಚಿದರು. ಕಬ್ಬಿಣದ ಪೆಟ್ಟಿಗೆಗೆ ಬೀಗ ಬಿತ್ತು, ಚಾವಿ ಅವರ ಉಡದಾರಕ್ಕೆ ಹೋಯಿತು. ಅಷ್ಟರಲ್ಲಿ ರಸ್ತೆಯೂ ಮುಚ್ಚಿತ್ತು. ಬಂದವರು ಪಡಸಾಲೆಯಲ್ಲೇ ಮಲಗಿದರು. ಅವರ ಕೆಮ್ಮು ಕೇಳಿದಾಗಲೆಲ್ಲ ನಾನು ಪೆಟ್ಟಿಗೆಯ ಕಡೆ ಕಿವಿ ಇಟ್ಟೆ.

ಬೆಳಗಾಯಿತು. ಯಜಮಾನರು ಸ್ನಾನ ಮುಗಿಸಿ, ರಿವಾಲ್ವರನ್ನು ದೇವರ ಮುಂದಿನ ಮಣೆಯ ಮೇಲಿಟ್ಟು, ನಳಿಕೆಗೆ ಭಂಡಾರದ ಗೆರೆ ಎಳೆದರು. ನಾನು ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದೆ, ಕೂಸು ಮಲಗಿತ್ತು. ಬೀದಿಯಲ್ಲಿ ಪೊಲೀಸರ ಜೀಪು ಏನೋ ಕೂಗುತ್ತ ಬಂತು. ಗಂಡಸರಿಬ್ಬರೂ ಕೇಳಲು ಅಂಗಳಕ್ಕೆ ಹೋದರು.

ನಾನು ಹಾಲಿನ ಲೋಟ ಹಿಡಿದು ದೇವರ ಕೋಣೆಯ ಬಾಗಿಲಿಗೆ ಬಂದೆ. ಮಲ್ಲಿ ಮಣೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ರಿವಾಲ್ವರಿನ ಹಿಡಿ ಹೊಟ್ಟೆಗೆ ಆನಿಸಿಕೊಂಡಿದ್ದಳು, ಎರಡೂ ಹೆಬ್ಬೆರಳು ಟ್ರಿಗರಿನ ಮೇಲಿದ್ದವು, ನಳಿಕೆ ನನ್ನ ಕಡೆ. "ಆಯಿ, ನೋಡು!" ಎಂದು ನಕ್ಕು ಇಡೀ ಬಲ ಹಾಕಿ ಒತ್ತಿದಳು. ಚರಖಿ ತಿರುಗಿದ್ದನ್ನು ನಾನು ನೋಡಿದೆ. ಘೋಡಾ ಎದ್ದದ್ದನ್ನೂ ನೋಡಿದೆ.

ಟಕ್.

ಅಷ್ಟೇ. ಆಮೇಲೆ ಲೋಟ ಬಿದ್ದ ಸದ್ದು.

ಸದಾನಂದಪ್ಪನವರು ಓಡಿ ಬಂದು ಕೂಸಿನ ಕೈಯಿಂದ ಅದನ್ನು ಬಿಡಿಸಿಕೊಂಡರು. ರಿವಾಲ್ವರ್ ತೆರೆಯುವ ಮೇಲಿನ ಕೊಂಡಿ ಎಷ್ಟು ಬಿಗಿ ಎಂದರೆ ಯಜಮಾನರೇ ಎರಡು ಕೈ ಹಾಕಿ ಒತ್ತಬೇಕು. ಅದನ್ನು ಒತ್ತಿ ತೆರೆಯುವ ಮೊದಲು, ಹಿಂದೆಯೇ ಬಂದ ಯಜಮಾನರೂ ಸೇರಿ ಮೂವರೂ ಬಗ್ಗಿ ನೋಡಿದೆವು. ಘೋಡಾದ ಕೆಳಗಿದ್ದದ್ದು ಹಿರಿಯರ ಮನೆ. ತೆರೆದು ನೋಡಿದರೆ ಐದೂ ಕಾಡತೂಸಿನ ಮೇಲೆ ಘೋಡಾ ಬಡಿದ ಒಂದು ಗೀರೂ ಇಲ್ಲ. ಮತ್ತೆ ಆ ಮನೆಯೊಳಗೆ, ಹಿಂದಿನ ದಿನ ಒರೆಸಿ ಬೆಳ್ಳಗೆ ಮಾಡಿದ್ದ ಮನೆಯೊಳಗೆ, ಹಸಿ ಹಳದಿ ಭಂಡಾರ.

ಲೆಕ್ಕ ನೀವೇ ಹಾಕಿ. ಯಜಮಾನರು ಮುಚ್ಚಿದ ಹಾಗೇ ಇದ್ದಿದ್ದರೆ ಎಳೆದಾಗ ಬರಬೇಕಾದದ್ದು ಗುಂಡು. ಖಾಲಿ ಮನೆ ಬಂದಿದೆ ಎಂದರೆ ಯಾರೋ ಅದನ್ನು ತೆರೆದು ಒಂದು ಮನೆ ಹಿಂದಕ್ಕೆ ತಿರುಗಿಸಿದ್ದಾರೆ.

ನಾನು ಮೊದಲು ಬಂದವರ ಬೆರಳು ನೋಡಿದೆ. ಚೊಕ್ಕಟ. ಯಜಮಾನರ ಬೆರಳು ಹಳದಿ, ಆದರೆ ಪೂಜೆ ಮಾಡಿದವರ ಬೆರಳು ಇನ್ನೇನಿರುತ್ತದೆ? ನಳಿಕೆಗೆ ಹಚ್ಚಿದೆ, ತೆರೆಯಲಿಲ್ಲ ಎಂದು ಅವರು ಕೂಸಿನ ತಲೆ ಮುಟ್ಟಿ ಆಣೆ ಮಾಡಿದರು. ಜಗಳವಾಡಿದ ಹಟಕ್ಕೆ ನನ್ನೆದುರು ಒಪ್ಪಿಕೊಳ್ಳದೆ ತಿರುಗಿಸಿಟ್ಟರೋ ಎಂದು ಎಷ್ಟೋ ದಿನ ಕೆದಕಿದೆ. ಆ ತಲೆ ಮುಟ್ಟಿ ಅವರು ಸುಳ್ಳು ಹೇಳುವವರಲ್ಲ.

ಠಾಣೆಯಿಂದ ರಿವಾಲ್ವರ್ ವಾಪಸು ಬಂದ ಮೇಲೆ ಮನೆಯಲ್ಲಿ ಕಾಡತೂಸು ಉಳಿಯಲಿಲ್ಲ, ಲೈಸೆನ್ಸ್ ಉಳಿಯಿತು. ತೆಲಂಗಾಣ ರಾಜ್ಯ ಬಂದ ಮೇಲೆ ಒಮ್ಮೆ ಸದಾನಂದಪ್ಪನವರು ಮನೆಗೆ ಬಂದರು. ಯಜಮಾನರು ಎಲೆ ಅಡಿಕೆ ತರಲು ಹೋದಾಗ ಸಣ್ಣ ದನಿಯಲ್ಲಿ ಕೇಳಿದರು: "ಅಕ್ಕಾರಽ, ಈಗರೆ ಖರೇ ಹೇಳ್ರಿ. ಅವತ್ತ ತಿರುಗಿಸಿ ಇಟ್ಟವರು ನೀವಽ ಹೌದಲ್ಲೋ?"

ನಾನು ಅವರನ್ನು ಸಂಶಯಿಸಿದಷ್ಟೂ ವರ್ಷ ಅವರು ನನ್ನನ್ನು ಸಂಶಯಿಸಿದ್ದರು! ಯಜಮಾನರೂ ಹಾಗೇ ತಿಳಿದಿದ್ದರೆಂದು ಆಮೇಲೆ ಗೊತ್ತಾಯಿತು. ನಾನು ಆ ವಸ್ತುವನ್ನು ಮುಟ್ಟಿದವಳೇ ಅಲ್ಲ. ಚಾವಿಯೂ ನನ್ನ ಹತ್ತಿರ ಇರಲಿಲ್ಲ.

ಈಗ ಮಲ್ಲಿ ಕೇಳಿದ್ದು ಹೇಳುತ್ತೇನೆ. "ಆಯಿ, ವಯಸ್ಸು ತುಂಬಿದ ಮ್ಯಾಲ ಮುತ್ಯಾನ ರಿವಾಲ್ವರ್ ನನ್ನ ಹೆಸರಿಗೆ ಮಾಡಿಸ್ರಿ. ನಮ್ಮ ಕೋಚ್ ಸರ್ ಹೇಳ್ತಾರ, ಇಂಥಾದು ಈಗ ಹುಡುಕಿದ್ರೂ ಸಿಗಲ್ಲಂತ." ಯಜಮಾನರು ನನ್ನ ಮುಖ ನೋಡಿದರು. "ನಿಮ್ಮ ಆಯಿ ಹ್ಞೂ ಅಂದ್ರ ನಂದೇನು ತಕರಾರಿಲ್ಲ" ಅಂದರು. ಆ ಬೆಳಗಿನ ಕಥೆ ನಾವು ಅವಳಿಗೆ ಎಂದೂ ಹೇಳಿಲ್ಲ. ಅವಳಿಗೆ ನೆನಪೂ ಇಲ್ಲ.

ಪೆಟ್ಟಿಗೆಯಿಂದ ತೆಗೆದು ಅವಳ ಕೈಗೆ ಕೊಟ್ಟರು. ಹುಡುಗಿ ತೆರೆದಳು, ಆರೂ ಮನೆ ಖಾಲಿ ಇವೆಯೆಂದು ಬೆಳಕಿಗೆ ಹಿಡಿದು ನೋಡಿದಳು. ಮುಚ್ಚುವ ಮೊದಲು ಹೆಬ್ಬೆರಳಿನಿಂದ ಚರಖಿಯನ್ನು ಮೆಲ್ಲಗೆ ಒಂದು ಮನೆ ಹಿಂದಕ್ಕೆ ತಿರುಗಿಸಿದಳು.

"ಹಂಗ್ಯಾಕ ಮಾಡ್ದಿ?" ಎಂದೆ.

"ಏನ್ ಮಾಡ್ದೆ?" ಎಂದು ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. "ಗೊತ್ತಿಲ್ಲ ಆಯಿ. ಕೈ ತಾನೇ ಹೋತು."

ಅವತ್ತು ಅಷ್ಟು ಚಿಕ್ಕ ಕೂಸು ಆ ಬಿಗಿ ಕೊಂಡಿ ಒತ್ತಿರಲಾರದು. ಅದು ನನಗೂ ಗೊತ್ತು. ಆದರೂ ನಾನು ದೇವರ ಕೋಣೆಗೆ ಹೋಗಿ ಭಂಡಾರದ ಬಟ್ಟಲು ತಂದು ಅವಳ ಹಣೆಗೆ ಹಚ್ಚಿ, ಹ್ಞೂ ಅಂದೆ. ಬಟ್ಟಲಲ್ಲಿ ಅದ್ದಿದ ನನ್ನ ಬೆರಳು ಹಳದಿಯಾಗಿತ್ತು. ಬಟ್ಟಲು ಮುಟ್ಟದ ಅವಳ ಹೆಬ್ಬೆರಳು ಯಾಕೆ ಹಳದಿಯಾಗಿತ್ತೋ, ಅದನ್ನು ನಾನು ಕೇಳಲಿಲ್ಲ.